ಗಡಿ ದಾಟುವ ಸ್ಲೆಡ್ ನಾಯಿಗಳಿಗೆ

ಸ್ವೀಡನ್ನಿನಲ್ಲೋ ಜರ್ಮನಿಯಲ್ಲೋ ನೆಲೆಸಿ, ನಾಯಿಗಳನ್ನು ಪಳಗಿಸಿ, ನಾರ್ವೆಯ ಆಲ್ಟಾದಲ್ಲಿ ಶುರುವಾಗುವ ಫಿನ್‌ಮಾರ್ಕ್ಸ್‌ಲೋಪೆಟ್ ಓಟಕ್ಕೆ ಹೊರಟಿದ್ದೀರಾ? ತರಬೇತಿಯಷ್ಟೇ ಶ್ರದ್ಧೆ ಕಾಗದಪತ್ರಗಳ ಮೇಲೂ ಇರಲಿ.

ಮೊದಲು ಮೈಕ್ರೋಚಿಪ್, ಆಮೇಲೆ ರೇಬೀಸ್ ಲಸಿಕೆ. ಚಿಪ್‌ಗಿಂತ ಮುಂಚೆ ಹಾಕಿಸಿದ ಲಸಿಕೆ ಲೆಕ್ಕಕ್ಕೆ ಬರುವುದಿಲ್ಲ. ಮೊದಲ ಲಸಿಕೆಯಾದರೆ 21 ದಿನ ಕಾಯಲೇಬೇಕು.

ಹೆಚ್ಚಿನವರು ಎಡವುವುದು ಲಾಡಿಹುಳದ ಔಷಧಿಯಲ್ಲಿ. ನಾರ್ವೆ ಪ್ರವೇಶಿಸುವುದಕ್ಕೆ 24ರಿಂದ 120 ಗಂಟೆ ಮೊದಲು ಪಶುವೈದ್ಯರು ಪ್ರಾಜಿಕ್ವಾಂಟೆಲ್ ಕೊಟ್ಟು, ದಿನಾಂಕ, ವೇಳೆ ಎರಡನ್ನೂ ನಾಯಿಯ ಪಾಸ್‌ಪೋರ್ಟಿನಲ್ಲಿ ಬರೆದಿರಬೇಕು. ಹೊರಡುವ ಹಿಂದಿನ ರಾತ್ರಿ ಕೊಡಿಸಿದರೆ ಗಡಿಯಲ್ಲಿ ಗಂಟೆ ಸಾಲದೆ ಹೋದೀತು. ಎರಡು ಮೂರು ದಿನ ಮೊದಲೇ ಮುಗಿಸಿ. ಫಿನ್‌ಲೆಂಡಿನಿಂದ ನೇರವಾಗಿ ಬರುವ ನಾಯಿಗಳಿಗೆ ಇದರಿಂದ ವಿನಾಯಿತಿಯಿದೆ, ಸ್ವೀಡನ್ನಿನಿಂದ ಬರುವವಕ್ಕಿಲ್ಲ. 2011ರಲ್ಲಿ ಅಲ್ಲಿನ ನರಿಗಳಲ್ಲಿ ಈ ಹುಳ ಪತ್ತೆಯಾಯಿತು. ನಾಯಿಗೆ ಅದರಿಂದ ಅಷ್ಟೇನೂ ತೊಂದರೆಯಿಲ್ಲ, ಆದರೆ ಮಲದ ಮೂಲಕ ಹೊರಬಿದ್ದ ಮೊಟ್ಟೆ ಮನುಷ್ಯನ ಹೊಟ್ಟೆ ಸೇರಿದರೆ ಯಕೃತ್ತಿಗೇ ಕುತ್ತು. ಆ ಮೊಟ್ಟೆ ಅಂಟಿರಬಹುದಾದ ಬೆಟ್ಟದ ಹಣ್ಣನ್ನು ಕಿತ್ತು ತಿನ್ನುವ ನಾಡು ನಾರ್ವೆ. ಹಾಗಾಗಿ ಈ ನಿಯಮವನ್ನು ಕಿರಿಕಿರಿ ಎಂದುಕೊಳ್ಳಬೇಡಿ.

ಒಬ್ಬರು ಐದಕ್ಕಿಂತ ಹೆಚ್ಚು ನಾಯಿಗಳನ್ನು ಒಯ್ದರೆ ಸಾಮಾನ್ಯವಾಗಿ ಅದನ್ನು ವ್ಯಾಪಾರದ ಸಾಗಣೆ ಎಂದೇ ಎಣಿಸುತ್ತಾರೆ. ಸ್ಪರ್ಧೆಗೆ ಹೋಗುವವರಿಗೆ ರಿಯಾಯಿತಿ ಉಂಟು: ಪ್ರತಿ ನಾಯಿಗೂ ಆರು ತಿಂಗಳು ತುಂಬಿರಬೇಕು, ನೋಂದಣಿಯ ಲಿಖಿತ ಪುರಾವೆ ಕೈಯಲ್ಲಿರಬೇಕು. ಆ ಪತ್ರವನ್ನು ಫೋನಿನಲ್ಲಷ್ಟೇ ಇಟ್ಟುಕೊಳ್ಳದೆ, ಮುದ್ರಿಸಿ ಪಾಸ್‌ಪೋರ್ಟುಗಳ ಜೊತೆಗೇ ಇಡಿ.