ಬಿಸಿಲಿನ ಲೆಕ್ಕ ಹಾಕಿ ಓಡುವ ಆಟ

2003ರಲ್ಲಿ ಜಪಾನಿನ ಕೊನಾಮಿ ಕಂಪನಿ ಗೇಮ್ ಬಾಯ್ ಅಡ್ವಾನ್ಸ್‌ಗಾಗಿ ‘ಬೊಕ್ತಾಯ್’ ಎಂಬ ಆಟ ತಂದಿತು. ನಿರ್ಮಾಪಕರು ಹಿಡಿಯೊ ಕೊಜಿಮಾ. ಅದರ ಕಾರ್ಟ್ರಿಡ್ಜ್‌ನಲ್ಲೇ ಬೆಳಕು ಅಳೆಯುವ ಸೆನ್ಸರ್ ಇದೆ, ಹೊತ್ತು ತಿಳಿಯುವ ಗಡಿಯಾರವಿದೆ. ನಾಯಕ ಜಾಂಗೊ ರಕ್ತಪಿಶಾಚಿಗಳ ಬೇಟೆಗಾರ. ಅವನ ಬಂದೂಕಿಗೆ ಬಿಸಿಲೇ ಮದ್ದು, ಅದೂ ಆಟಗಾರ ಕೂತ ಜಾಗದ ನಿಜವಾದ ಬಿಸಿಲು. ಈ ಆಟವನ್ನು ಮೊದಲಿನಿಂದ ಕೊನೆವರೆಗೆ ಆದಷ್ಟು ಬೇಗ ಮುಗಿಸುವ ಸ್ಪೀಡ್‌ರನ್ ಅಭ್ಯಾಸವನ್ನು ನಾನು ಹೈದರಾಬಾದಿನ ಕಾಚಿಗುಡದಲ್ಲಿ, ನಮ್ಮ ಮನೆಯ ಮಾಳಿಗೆ ಮೇಲೆ ಮಾಡುತ್ತ ಬಂದಿದ್ದೇನೆ. ಅಲ್ಲಿ ಕಲಿತದ್ದು ಇದು.

ಮೊದಲ ಪಾಠ: ದಾರಿಯನ್ನು ಬಿಸಿಲಿನಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. ಪಿಶಾಚಿಯನ್ನು ಸೋಲಿಸಿದರೆ ಕೆಲಸ ಮುಗಿಯುವುದಿಲ್ಲ. ಅದರ ಶವಪೆಟ್ಟಿಗೆಯನ್ನು ಕೋಟೆಯಿಂದ ಹೊರಗೆ ಎಳೆತಂದು, ‘ಪೈಲ್ ಡ್ರೈವರ್’ ಎಂಬ ಯಂತ್ರದಲ್ಲಿಟ್ಟು ಬಿಸಿಲಿನಿಂದ ಸುಡಬೇಕು. ಬೆಳಕು ಕಮ್ಮಿಯಾದರೆ ಆ ಕೆಲಸ ನಿಧಾನ. ಇರುಳಲ್ಲಿ ಬೆರಳು ಎಷ್ಟು ಚುರುಕಾಗಿದ್ದರೂ ಉಪಯೋಗವಿಲ್ಲ. ಹಾಗಾಗಿ ಆ ಘಟ್ಟಗಳು ನಡುಹಗಲಿಗೆ ಬರುವಂತೆ ಹೊರಡುವ ಹೊತ್ತನ್ನು ಗೊತ್ತು ಮಾಡಿಕೊಳ್ಳುತ್ತೇನೆ. ಮಾಳಿಗೆ ಮೇಲೆ ಸಂಡಿಗೆ ಹಾಕುವವರು ಹೊತ್ತು ನೋಡುವ ಹಾಗೆಯೇ ಇದೂ.

ನಡುಹಗಲು ಎಂದರೆ ಗಡಿಯಾರದ 12 ಅಲ್ಲ. ಭಾರತದ ಸಮಯ 82.5 ಡಿಗ್ರಿ ರೇಖಾಂಶದ್ದು. ಹೈದರಾಬಾದ್ ಅದಕ್ಕಿಂತ ಸುಮಾರು 4 ಡಿಗ್ರಿ ಪಶ್ಚಿಮಕ್ಕಿದೆ. ಆದ್ದರಿಂದ ಇಲ್ಲಿ ಸೂರ್ಯ ನೆತ್ತಿಯ ಹತ್ತಿರ ಬರುವುದು ಸರಾಸರಿ 12:16ಕ್ಕೆ. ನವೆಂಬರ್ ಆರಂಭದಲ್ಲಿ 12ರ ಸುಮಾರಿಗೆ, ಫೆಬ್ರವರಿ ನಡುವಿನಲ್ಲಿ 12:30ರ ಸುಮಾರಿಗೆ.

ಎರಡನೆಯದು ಋತು. ಸೂರ್ಯ ಹೈದರಾಬಾದಿನ ನೆತ್ತಿಯ ಮೇಲೆ ನೇರ ನಿಲ್ಲುವುದು ಮೇ 9 ಮತ್ತು ಆಗಸ್ಟ್ 3ರ ಆಸುಪಾಸಿನಲ್ಲಿ. ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ, ಆಗಸ್ಟ್‌ನಲ್ಲಿ ಮುಂಗಾರಿನ ಮೋಡ. ಎರಡೂ ಓಟಕ್ಕೆ ಆಗಿಬರುವುದಿಲ್ಲ. ಕಲಬುರಗಿಯ ಬಿಸಿಲಲ್ಲೇ ಬೆಳೆದ ನಮ್ಮವ್ವ ಮೇ ತಿಂಗಳಲ್ಲಿ ನನ್ನನ್ನು ಕಂಡು, “ಇಷ್ಟು ಬಿಸಲಾಗ ಯಾಕ್ ಕುಂತೀದಿ, ನೆಳ್ಳಿಗಿ ಬಾ” ಅಂದಳು. ಅವಳ ಮಾತು ಸರಿ. ದಾಖಲೆಗಾಗಿ ಮೈ ಬೇಯಿಸಿಕೊಳ್ಳಬಾರದು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಆಕಾಶ ತಿಳಿಯಾಗಿರುತ್ತದೆ, ತಾಸುಗಟ್ಟಲೆ ಕೂರಬಹುದು. ಡಿಸೆಂಬರ್ ಕೊನೆಯಲ್ಲೂ ಇಲ್ಲಿ ನಡುಹಗಲ ಸೂರ್ಯ 49 ಡಿಗ್ರಿ ಎತ್ತರದಲ್ಲಿರುತ್ತಾನೆ.

ಮೂರನೆಯದು, ಮೋಡಕ್ಕೆ ಬೇರೆ ದಾರಿ ಸಿದ್ಧವಿರಬೇಕು. ಒಂದು ಮೋಡ ಅಡ್ಡ ಬಂದರೆ ಪರದೆಯ ಮೇಲಿನ ಬಿಸಿಲಿನ ಪಟ್ಟಿ ಇಳಿಯುತ್ತದೆ. ಆಗ ಗುಂಡು ಉಳಿಸಿ, ಗೋಡೆ ತಟ್ಟಿ ಶತ್ರುವಿನ ಗಮನ ಬೇರೆಡೆ ಸೆಳೆದು ನುಸುಳಬೇಕು. ಪ್ರತಿ ಕೋಣೆಗೂ ಹೊಡೆದು ಸಾಗುವ ದಾರಿ ಒಂದು, ತಪ್ಪಿಸಿ ಸಾಗುವ ದಾರಿ ಒಂದು ಬಾಯಿಪಾಠವಾಗಿರಬೇಕು.

ಉಪಕರಣದ ಮಾತು: 2001ರ ಮೊದಲ ಗೇಮ್ ಬಾಯ್ ಅಡ್ವಾನ್ಸ್‌ನ ಪರದೆಗೆ ಸ್ವಂತ ಬೆಳಕಿಲ್ಲ, ಹೊರಗಿನ ಬೆಳಕನ್ನೇ ಪ್ರತಿಫಲಿಸುತ್ತದೆ. ಕೋಣೆಯಲ್ಲಿ ಅದು ಕೊರತೆ. ಬಿಸಿಲಲ್ಲಿ ಅದೇ ಸ್ಪಷ್ಟ. ಹಿಂಬೆಳಕಿನ ಪರದೆಗಳು ಬಿಸಿಲಿಗೆ ಮಂಕಾಗುತ್ತವೆ. ಸೆನ್ಸರ್‌ನ ಪುಟ್ಟ ಕಿಟಕಿಗೆ ನಮ್ಮ ಕೈಯ, ತಲೆಯ ನೆರಳು ಬೀಳದಂತೆ ಕೂರುವುದೂ ಅಭ್ಯಾಸದಿಂದ ಬರಬೇಕಾದ ವಿದ್ಯೆ.

ಇರುಳು ಬೆರಳಿನ ಅಭ್ಯಾಸಕ್ಕೆ ಎಂಜಿಬಿಎ ಎಂಬ ಎಮ್ಯುಲೇಟರ್ ಇದೆ. ಅದರಲ್ಲಿ ಬಿಸಿಲನ್ನು ನಾವೇ ಹೆಚ್ಚು ಕಮ್ಮಿ ಮಾಡಬಹುದು. ನಾನೂ ಬಳಸುತ್ತೇನೆ. ಆದರೆ ಅಲ್ಲಿನ ಸಮಯವನ್ನು ಮಾಳಿಗೆಯ ಸಮಯದ ಪಕ್ಕದಲ್ಲಿ ಬರೆಯುವುದಿಲ್ಲ. ನಿಜವಾದ ಬಿಸಿಲೂ ಎಲ್ಲ ಊರಲ್ಲಿ ಒಂದೇ ಅಲ್ಲ. ಡಿಸೆಂಬರ್‌ನ ಲಂಡನ್ನಿನಲ್ಲಿ ನಡುಹಗಲಿಗೂ ಸೂರ್ಯ 15 ಡಿಗ್ರಿಯಷ್ಟೇ ಏರುತ್ತಾನೆ. ಅಲ್ಲಿ ಹೊರಗೆ ಕೂತು ಆಡುವವರೊಂದಿಗೆ ನನ್ನನ್ನು ಹೋಲಿಸಿಕೊಳ್ಳಬೇಕಾದರೆ ನಿಮಿಷ, ಸೆಕೆಂಡುಗಳು ಸಾಲವು. ಊರು, ತಾರೀಖು, ಹೊರಟ ಹೊತ್ತು, ಆಕಾಶದ ಸ್ಥಿತಿ ಇವನ್ನೂ ಬರೆದಿಡುವುದು ನನ್ನ ನಿಯಮ. ಈ ಆಟ ಹಿಡಿಯುವವರೆಲ್ಲ ಹಾಗೆ ಮಾಡಲಿ ಎಂಬುದು ನನ್ನ ಕಳಕಳಿಯ ಕೋರಿಕೆ. ಸ್ವಂತ ಊರಿನ ಸೂರ್ಯನನ್ನು ಇಷ್ಟು ಚೆನ್ನಾಗಿ ಪರಿಚಯಿಸುವ ಆಟ ನನಗೆ ಬೇರೆ ಸಿಕ್ಕಿಲ್ಲ.