ಪುಟ ಹಸಿರಾಗುವ ಮುನ್ನ

ಬಿಡುವಾದಾಗಲೆಲ್ಲ, ಯಾರು ಬೇಕಾದರೂ ಓದಬಹುದಾದ ಪುಸ್ತಕಗಳ ಜಾಲತಾಣವಾದ ಕನ್ನಡ ವಿಕಿಸೋರ್ಸ್‌ಗೆ ಪ್ರೂಫ್ ನೋಡಿಕೊಡುತ್ತೇನೆ. ತೆರೆಯ ಒಂದು ಬದಿಗೆ ಹಳೆಯ ಪುಸ್ತಕದ ಪುಟದ ಚಿತ್ರ, ಇನ್ನೊಂದು ಬದಿಗೆ ಅದನ್ನು ಯಂತ್ರ ಓದಿ ಕೊಟ್ಟ ಪಠ್ಯ. ಎರಡನ್ನೂ ಹೋಲಿಸಿ ತಿದ್ದಬೇಕು. ಕನ್ನಡ ಬಂದರೆ ಸಾಕು ಎನ್ನಿಸುವ ಕೆಲಸ. ಆದರೆ ಕನ್ನಡ ಚೆನ್ನಾಗಿ ಬಲ್ಲವರ ಕಣ್ಣೇ ಇಲ್ಲಿ ಬೇಗ ಮೋಸಹೋಗುತ್ತದೆ. ಅರ್ಥ ಹೊಳೆದ ಕೂಡಲೇ ಅದು ಅಕ್ಷರ ನೋಡುವುದನ್ನು ಬಿಟ್ಟು ಮುಂದಿನ ಸಾಲಿಗೆ ಓಡುತ್ತದೆ. ಅದಕ್ಕೇ ನಾನು ಗಟ್ಟಿಯಾಗಿ, ಪದ ಪದ ಬಿಡಿಸಿ ಓದುತ್ತೇನೆ.

ಎಲ್ಲಕ್ಕಿಂತ ಕಷ್ಟದ್ದು ಸೊನ್ನೆ. ‘ಸಂಸಾರ’ದ ಅನುಸ್ವಾರವನ್ನು ಯಂತ್ರ ಎಷ್ಟೋ ಸಲ ಅಂಕಿಯ ಸೊನ್ನೆಯಾಗಿ ಕೊಡುತ್ತದೆ. ನೋಡಲು ಎರಡೂ ಒಂದೇ. ಕಂಪ್ಯೂಟರಿಗೆ ಮಾತ್ರ ಬೇರೆ ಬೇರೆ. ಹುಡುಕಿದವರಿಗೆ ಆ ಪದ ಸಿಗುವುದಿಲ್ಲ, ಸ್ಕ್ರೀನ್ ರೀಡರ್ ನೆಚ್ಚಿಕೊಂಡು ಓದುವ ಅಂಧ ವಿದ್ಯಾರ್ಥಿಗೆ ಪದದ ನಡುವೆ ಒಂದು ಅಂಕಿ ಬಂದು ನಿಲ್ಲುತ್ತದೆ. ಪುಟದ ಬರೀ ಚಿತ್ರವಂತೂ ಅವರಿಗೆ ಓದಲು ಸಿಗುವುದೇ ಇಲ್ಲ. ಹಾಗಾಗಿ ಅನುಮಾನ ಬಂದಲ್ಲೆಲ್ಲ ಅಂಕಿಯ ಸೊನ್ನೆಯನ್ನೇ ಹುಡುಕುಪೆಟ್ಟಿಗೆಗೆ ಹಾಕಿ ನೋಡುತ್ತೇನೆ. ಅರ್ಕಾವೊತ್ತಿನದೂ ಇದೇ ಪಾಡು, ಅದು ಕನ್ನಡದ ಒಂಬತ್ತಾಗಿ ಬಂದಿರುತ್ತದೆ. ಅಚ್ಚಿನ ಮೊಳೆ ಸವೆದಿದ್ದರೆ ‘ದ’ ಯಾವುದು, ‘ಧ’ ಯಾವುದು ಎಂದು ಚಿತ್ರವನ್ನು ಹಿಗ್ಗಿಸಿಯೇ ನೋಡಬೇಕು.

ಇನ್ನೊಂದು ಪಾಠ ಕೈ ಕಟ್ಟಿಕೊಳ್ಳುವುದು. ಹಳೆಯ ಪುಸ್ತಕದಲ್ಲಿ ‘ಧರ್ಮ್ಮ’, ‘ಪೂರ್ವ್ವ’ ಎಂದಿದ್ದರೆ ಇವತ್ತಿನ ಕಾಗುಣಿತಕ್ಕೆ ಬದಲಿಸುವ ಆಸೆ ಹುಟ್ಟುತ್ತದೆ. ಬದಲಿಸಬಾರದು. ಅಂದಿನವರು ಹೇಗೆ ಬರೆಯುತ್ತಿದ್ದರು ಎನ್ನುವುದಕ್ಕೆ ಆ ಪುಟವೇ ಸಾಕ್ಷಿ. ನಾವು ಒಪ್ಪ ಮಾಡಹೊರಟರೆ ಭಾಷೆಯ ಚರಿತ್ರೆ ಓದುವವರಿಗೆ ಸುಳ್ಳು ದಾಖಲೆ ಕೊಟ್ಟಂತೆ. ಅಚ್ಚುಮನೆಯ ತಪ್ಪು ಎಂದು ಖಚಿತವಾದಾಗಲೂ ಅದನ್ನು ಸದ್ದಿಲ್ಲದೆ ಅಳಿಸುವ ಹಕ್ಕು ನಮಗಿಲ್ಲ ಎಂದೇ ನನ್ನ ನಂಬಿಕೆ.

ತಿದ್ದದ ಪುಟದ ಗುರುತು ಕೆಂಪು, ಒಬ್ಬರು ತಿದ್ದಿದ ಮೇಲೆ ಹಳದಿ. ಬೇರೊಬ್ಬರು ಮತ್ತೆ ನೋಡಿ ಒಪ್ಪಿದರೆ ಹಸಿರು. ತಿದ್ದಿದವರೇ ಹಸಿರು ಮಾಡುವಂತಿಲ್ಲ. ಈ ಕಟ್ಟುಪಾಡನ್ನು ನಾನು ತುಂಬ ಗೌರವಿಸುತ್ತೇನೆ. 2000ದಲ್ಲಿ ಶುರುವಾಗಿ, ಉಚಿತ ಇ-ಪುಸ್ತಕಗಳ ತಾಣವಾದ ಪ್ರಾಜೆಕ್ಟ್ ಗುಟೆನ್‌ಬರ್ಗ್‌ಗೆ ಪುಸ್ತಕ ಸಿದ್ಧಪಡಿಸುವ ಡಿಸ್ಟ್ರಿಬ್ಯೂಟೆಡ್ ಪ್ರೂಫ್‌ರೀಡರ್ಸ್‌ನಲ್ಲೂ ಒಂದೇ ಪುಟ ಹಲವರ ಕಣ್ಣು ದಾಟಿ ಹೋಗುತ್ತದೆ.

ಕನ್ನಡದಲ್ಲಿ ಪುಸ್ತಕಗಳಿಗೆ ಬರವಿಲ್ಲ. ನಿರಂಜನರ 55 ಕೃತಿಗಳು 2014ರಲ್ಲಿ ಮುಕ್ತ ಪರವಾನಗಿಯಡಿ ಬಂದವು. ಅದೇ ವರ್ಷ ಮೈಸೂರು ವಿಶ್ವವಿದ್ಯಾನಿಲಯವು ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಹೀಗೆ ಬಿಟ್ಟುಕೊಟ್ಟಿತು. ಲೇಖಕರು ತೀರಿಕೊಂಡ 60 ವರ್ಷಕ್ಕೆ ಹಕ್ಕುಸ್ವಾಮ್ಯ ಮುಗಿಯುತ್ತದೆ. 1963ರಲ್ಲಿ ತೀರಿಕೊಂಡ ಗೋವಿಂದ ಪೈಯವರು ಬದುಕಿದ್ದಾಗಲೇ ಅಚ್ಚಾದ ಕೃತಿಗಳು 2024ರ ಜನವರಿಯಿಂದ ಎಲ್ಲರ ಸೊತ್ತು. ಕೊರತೆ ಇರುವುದು ಕೂತು ಓದುವವರದು.

ಹೊಸಬರು ಸರಳ ಗದ್ಯದ ಪುಟ ಹಿಡಿಯಲಿ. ದಿನಕ್ಕೊಂದು ಪುಟವಾದರೂ ಸಾಕು, ಅವಸರ ಬೇಡ. ಱ, ೞ ಬರುವ ಹಳಗನ್ನಡದ ಪುಟಗಳಿಗೆ ಮಾತ್ರ ಅದನ್ನು ಓದಿ ಪಾಠ ಹೇಳಿದವರೇ ಬೇಕು. ನಿಮ್ಮ ಊರಿನಲ್ಲಿ ನಿವೃತ್ತರಾದ ಕನ್ನಡ ಮೇಷ್ಟ್ರು ಇದ್ದರೆ ಹೋಗಿ ಕೇಳಿ. ಟೈಪ್ ಮಾಡಲು ಬಾರದಿದ್ದರೆ ಅವರು ಓದಿ ಹೇಳಲಿ, ನೀವು ಪಕ್ಕದಲ್ಲಿ ಕೂತು ತಿದ್ದಿ.