ಕಣ್ಣಿನ ಸಾಕ್ಷಿ, ಕಿವಿಯ ಸಾಕ್ಷಿ

ಘಟ್ಟದ ತಿರುವುಗಳಲ್ಲಿ ಸಾಗುವ ಬಸ್ಸಿನಲ್ಲಿ ಪುಸ್ತಕ ಓದುತ್ತ ಕುಳಿತವರಿಗೆ ಬಹುಬೇಗ ತಲೆಸುತ್ತು, ವಾಕರಿಕೆ ಉಂಟಾಗುವುದುಂಟು. ಪುಟದಲ್ಲಿ ನೆಟ್ಟ ಕಣ್ಣು ಚಲನೆಯಿಲ್ಲವೆಂದು ಸಾಕ್ಷಿ ನುಡಿಯುತ್ತದೆ. ಒಳಕಿವಿಯ ಅರ್ಧವೃತ್ತಾಕಾರದ ನಾಳಗಳಲ್ಲಿರುವ ದ್ರವವಾದರೋ ಅಲುಗಿ, ಚಲನೆಯಿದೆಯೆಂದು ಮಿದುಳಿಗೆ ತಿಳಿಸುತ್ತದೆ. ಈ ವಿರೋಧದಿಂದಲೇ ಪ್ರಯಾಣದ ವಾಕರಿಕೆ ಹುಟ್ಟುವುದೆಂಬ ವಾದವನ್ನು ರೀಸನ್ ಮತ್ತು ಬ್ರಾಂಡ್ ಎಂಬ ವಿದ್ವಾಂಸರು 1975ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ.

ಅಮೆರಿಕದ ಐವನ್ ಸದರ್‌ಲ್ಯಾಂಡ್ 1968ರಲ್ಲಿ ತಲೆಗೆ ಧರಿಸುವ ದೃಶ್ಯಸಾಧನವೊಂದನ್ನು ಲೋಕಕ್ಕೆ ತೋರಿಸಿದರು. ವರ್ಚುವಲ್ ರಿಯಾಲಿಟಿಯ ಇಂದಿನ ಹೆಡ್‌ಸೆಟ್ಟುಗಳು ಅದರ ಸಂತತಿಯೇ ಆಗಿವೆ. ಇದನ್ನು ಧರಿಸಿ ಕುರ್ಚಿಯಲ್ಲಿ ಕುಳಿತವನ ಕಣ್ಣಿಗೆ ತಾನು ಓಡುತ್ತಿರುವಂತೆ ತೋರಬಹುದು. ಒಳಕಿವಿ ಮಾತ್ರ ಕುಳಿತಲ್ಲೇ ಇದ್ದೇನೆ ಎನ್ನುತ್ತದೆ. ಬಸ್ಸಿನ ಸಾಕ್ಷಿಗಳು ಇಲ್ಲಿ ಅದಲುಬದಲಾಗಿವೆ. ಫಲ ಮಾತ್ರ ಅದೇ ವಾಕರಿಕೆ.

ಈ ಸಾಧನವು ಕೇವಲ ವಿನೋದಕ್ಕಾಗಿ ಇರುವುದಲ್ಲ. ಎತ್ತರದ ಭಯವುಳ್ಳವರಿಗೆ ಇದರ ಮೂಲಕ ಚಿಕಿತ್ಸೆ ನೀಡಿದ ಪ್ರಯೋಗವನ್ನು ಬಾರ್ಬರಾ ರಾತ್‌ಬಾಮ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದರು. ರೋಗಿಯು ಕಲ್ಪಿತ ಸೇತುವೆಯ ಮೇಲೆ ನಿಂತು, ತನ್ನ ಭಯವನ್ನು ಸ್ವಲ್ಪಸ್ವಲ್ಪವಾಗಿ ಎದುರಿಸಿ ಗೆಲ್ಲಬೇಕು. ಇಲ್ಲಿ ಹಿತಮಿತವಾದ ಭಯವೇ ಔಷಧ. ಆದರೆ ವಾಕರಿಕೆಯು ಹೆಚ್ಚಿದರೆ ರೋಗಿಯು ಚಿಕಿತ್ಸೆಯನ್ನೇ ತೊರೆಯಬಹುದು. ಆದುದರಿಂದ ಇವೆರಡನ್ನೂ ಮೊದಲೇ ಊಹಿಸುವುದು ಅಗತ್ಯವಾಯಿತು.

ಊಹಿಸುವ ಬಗೆ ಹೇಗೆ? 1993ರಲ್ಲಿ ಕೆನಡಿ ಮತ್ತು ಸಂಗಡಿಗರು ರಚಿಸಿದ ಪ್ರಶ್ನಾವಳಿಯಲ್ಲಿ 16 ಲಕ್ಷಣಗಳಿವೆ. ತಲೆನೋವು, ಕಣ್ಣಿನ ಆಯಾಸ, ವಾಕರಿಕೆ ಮೊದಲಾದವು ಎಷ್ಟಿವೆಯೆಂದು ವ್ಯಕ್ತಿಯೇ ಹೇಳಬೇಕು. ದೇಹವು ಬಾಯಿಗಿಂತ ಮೊದಲೇ ಮಾತನಾಡುವುದೂ ಉಂಟು. ವಾಕರಿಕೆಗೆ ಮುನ್ನ ನಿಲುವಿನ ಸ್ಥಿರತೆ ಕೆಡುತ್ತದೆಂಬ ವಾದವನ್ನು 1991ರಲ್ಲಿ ರಿಚಿಯೊ ಮತ್ತು ಸ್ಟಾಫ್ರೆಗನ್ ಮಂಡಿಸಿದರು. ಈಗ ನಾಡಿಯ ಬಡಿತ, ಚರ್ಮದ ಬೆವರು, ತಲೆಯ ಓಲಾಟಗಳನ್ನು ಉಪಕರಣಗಳು ಅಳೆಯುತ್ತವೆ. ಆ ಅಂಕಿಗಳಿಂದ ಗಣಕಯಂತ್ರವು ಮುಂದಾಗುವುದನ್ನು ಊಹಿಸಲೆತ್ನಿಸುತ್ತದೆ. ಅಪಾಯ ಕಂಡಾಗ ದೃಶ್ಯದ ವೇಗವನ್ನು ತಗ್ಗಿಸಬಹುದು. ನೋಟದ ವಿಸ್ತಾರವನ್ನು ಮೆಲ್ಲನೆ ಕಿರಿದಾಗಿಸಿದರೆ ತೊಂದರೆ ಕಡಿಮೆಯಾಗುವುದೆಂದು ಕೊಲಂಬಿಯ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ತೋರಿಸಿದರು.

ಆದರೂ ಒಂದು ತೊಡಕು ಉಳಿದಿದೆ. ಭಯಗೊಂಡವನೂ ಬೆವರುತ್ತಾನೆ, ವಾಕರಿಕೆ ಬಂದವನೂ ಬೆವರುತ್ತಾನೆ. ಬೆವರನ್ನು ಅಳೆದ ಮಾತ್ರಕ್ಕೆ ಅದರ ಕಾರಣವು ತಿಳಿಯದು. ಒಬ್ಬನಿಗೆ ಧೈರ್ಯ ಹೇಳಿ ಮುಂದುವರಿಸಬೇಕು. ಇನ್ನೊಬ್ಬನ ತಲೆಯಿಂದ ಸಾಧನವನ್ನು ಕೂಡಲೇ ತೆಗೆಯಬೇಕು. ಇಬ್ಬರನ್ನೂ ಒಂದೇ ಎಂದು ಬಗೆದರೆ ಚಿಕಿತ್ಸೆಯೇ ಹಿಂಸೆಯಾದೀತು. ಆದುದರಿಂದ ಯಂತ್ರದ ಅಂಕಿಯನ್ನು ನೋಡಿದ ಬಳಿಕವೂ "ಈಗ ಹೇಗಿದ್ದೀರಿ?" ಎಂದು ಕೇಳುವುದನ್ನು ವೈದ್ಯನು ಮರೆಯಬಾರದು. ಕಣ್ಣು ಮತ್ತು ಕಿವಿಗಳ ಸಾಕ್ಷಿಯಲ್ಲಿ ವಿರೋಧ ಬಂದಾಗ, ಅನುಭವಿಸುವವನ ಮಾತೇ ಮೂರನೆಯ ಸಾಕ್ಷಿ.